ಅಡ್ಡ ಬಂದವರು

ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ "ಸಾರಿ" ಹೇಳಿದೆ. ಇಪ್ಪತ್ತಾರು ವರ್ಷದಿಂದ ಇದೇ ಮನೆ, ಇದೇ ಬಾಗಿಲು. ಆದರೂ ನನ್ನ ಬಲಭುಜಕ್ಕೆ ಅದು ದಿನವೂ ಹೊಸದು. ತಾಗಿದ ಕೂಡಲೇ ಬಾಯಿಂದ "ಸಾರಿ" ಬಂದುಬಿಡುತ್ತದೆ. ನೋವಿನೆಣ್ಣೆ ಹಚ್ಚಿಕೊಂಡು ಕೂತೆ. ಆ ಕರ್ಪೂರದ ವಾಸನೆ ನನ್ನ ಸೀರೆಗಳಿಗೆಲ್ಲ ಹತ್ತಿಕೊಂಡಿದೆ. ನಾನು ಬರುವ ಮೊದಲೇ ನನ್ನ ವಾಸನೆ ಬರುತ್ತದೆಂದು ನಮ್ಮ ಯಜಮಾನರಿಗೆ ತಮಾಷೆ.

ಅಷ್ಟರಲ್ಲಿ ಕುಶಾಲನಗರದಿಂದ ಕಾವ್ಯಳ ಫೋನ್ ಬಂತು. ನನ್ನ ಅಣ್ಣನ ಮಗಳು, ಮುಂದಿನ ವಾರ ಅವಳ ಮದುವೆ.

"ಅತ್ತೆ, ನೀರು ತರೋ ಶಾಸ್ತ್ರ ಬೇಡ ಅಂದ್ಬಿಡ್ಲಾ? ಹುಡುಗನ ಕಡೆಯವ್ರಿಗೆ ಎರಡು ನಿಮಿಷ ಕುಣಿದು ದಾರಿ ಬಿಡಿ ಅಂತ ಹೇಳ್ತೀನಿ ಅಂತಾರೆ ಅಮ್ಮ. ನಂಗೆ ಭಯ ಆಗ್ತದೆ. ಅಷ್ಟು ಜನರ ಮುಂದೆ ಕೊಡ ಬಿದ್ರೆ?"

ಆಮೇಲೆ ಫೋನ್ ಮಾಡುತ್ತೇನೆ ಎಂದೆ. ಎಣ್ಣೆ ಕೈಯಲ್ಲೇ ಹಾಗೆಯೇ ಕೂತುಬಿಟ್ಟೆ.

ನೀವು ನಮ್ಮ ಕಡೆಯ ಮದುವೆ ನೋಡಿರದಿದ್ದರೆ ಈ ಭಯ ಅರ್ಥವಾಗಲಿಕ್ಕಿಲ್ಲ. ಸಂಜೆ ಮದುಮಗಳು ಬಾವಿಗೆ ಪೂಜೆ ಮಾಡಿ, ನೀರು ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಮನೆಯೊಳಗೆ ತರಬೇಕು. ಗಂಡಿನ ಕಡೆಯವರು ವಾಲಗದ ಬಡಿತಕ್ಕೆ ಕುಣಿಯುತ್ತ ಅವಳಿಗೆ ಅಡ್ಡ ನಿಲ್ಲುತ್ತಾರೆ. ಅವರು ಒಂದು ಹೆಜ್ಜೆ ಹಿಂದೆ ಸರಿದರೆ ಇವಳು ಒಂದು ಹೆಜ್ಜೆ ಮುಂದೆ. ಅಂಗಳ ದಾಟಲು ಎರಡು ಗಂಟೆ ಹಿಡಿಯುವುದೂ ಉಂಟು. ಹೆಣ್ಣಿನ ತಾಳ್ಮೆಯ ಪರೀಕ್ಷೆ ಎಂದು ಹಿರಿಯರು ಹೇಳುತ್ತಾರೆ. ಕುಣಿಯುವವರಿಗೆ ಅದೊಂದು ನೆಪ ಎಂದು ನನ್ನ ಅನುಮಾನ.

ಕಾವ್ಯ ನಡೆಯುವುದು ಥೇಟ್ ನನ್ನ ಹಾಗೆ. ಹಾಗೆಂದರೆ ಹೇಗೆ ಎನ್ನುತ್ತೀರಾ? ಬಸ್ಸು ಬಂದು ನಿಂತಿತು ಎನ್ನಿ. ಯಾವ ಕಾಲು ಮೊದಲು, ಯಾವ ಕೈಯಲ್ಲಿ ಕಂಬಿ, ಬ್ಯಾಗು ಎಲ್ಲಿ ಎಂದು ನನ್ನೊಳಗೆ ಒಂದು ಸಭೆಯೇ ಸೇರಬೇಕು. ಸಭೆ ಮುಗಿಯುವಷ್ಟರಲ್ಲಿ ಕಂಡಕ್ಟರ್ "ಬೇಗ ಅಕ್ಕ!" ಎನ್ನುತ್ತಾನೆ, ಕಾಲುಗಳೆರಡೂ ಸಭೆ ಬಿಟ್ಟು ಎದ್ದುಹೋಗುತ್ತವೆ. ನಡೆಯುತ್ತ ಮಾತಾಡಿದರೆ ಜೊತೆಯವರನ್ನು ಚರಂಡಿಯ ಕಡೆಗೆ ತಳ್ಳುತ್ತ ಹೋಗುತ್ತೇನೆ. ಮೆಟ್ಟಿಲು ಇಳಿಯುವಾಗ ಎಣಿಸಲೇಬೇಕು. ನಡುವೆ ಯಾರಾದರೂ ಊಟವಾಯಿತೇ ಎಂದು ಕೇಳಿದರೆ ಮುಗಿಯಿತು. ಚಿಕ್ಕವಳಿದ್ದಾಗ ಕಣದಲ್ಲಿ ಹರವಿದ ಕಾಫಿಯ ನಡುವೆ ನಡೆದುಹೋದರೆ ಎರಡೂ ಬದಿಯ ಕಾಫಿ ನನ್ನ ಜೊತೆಗೇ ಬರುತ್ತಿತ್ತು.

"ಕಣ್ಣು ಎಲ್ಲಿಟ್ಟಿದ್ದಿ ಕೂಸೇ?" ಎಂದು ಅವ್ವ ಗದರುತ್ತಿದ್ದಳು.

ಕಣ್ಣು ಇದ್ದಲ್ಲೇ ಇತ್ತು. ಅದು ಕಂಡದ್ದು ಕಾಲಿಗೆ ತಲುಪುವುದು ತಡವಾಗುತ್ತಿತ್ತು. ಇದು ಹುಟ್ಟಿನಿಂದ ಬಂದದ್ದು, ಹಲವರಿಗೆ ಇರುತ್ತದೆ, ನಿಮ್ಮ ಅಜಾಗರೂಕತೆಯಲ್ಲ ಎಂದು ಮಡಿಕೇರಿಯ ಡಾಕ್ಟರೊಬ್ಬರು ಹೇಳುವ ಹೊತ್ತಿಗೆ ನನಗೆ ನಲವತ್ತು ದಾಟಿತ್ತು. ಅವತ್ತು ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ, ಸಂತೋಷಕ್ಕೇ.

ಆದರೆ ನನ್ನ ಮದುವೆಯ ಹೊತ್ತಿಗೆ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಮದುವೆ ನಡೆದದ್ದು ಸಿದ್ದಾಪುರದ ಹತ್ತಿರ, ಈಗ ನಾನಿರುವ ಈ ಮನೆಯ ಅಂಗಳದಲ್ಲೇ. ಹಿಂದಿನ ದಿನ ಅವ್ವ ನನ್ನ ಗಂಡನ ಅಕ್ಕ ಸೀತಕ್ಕನನ್ನು ಮೂಲೆಗೆ ಕರೆದು, "ನಮ್ಮ ಕೂಸು ನಡಿಯೋದ್ರಲ್ಲಿ ಸ್ವಲ್ಪ ಎಡವಟ್ಟು. ಜಾಸ್ತಿ ಹೊತ್ತು ನಿಲ್ಲಿಸ್ಬೇಡಿ, ಎರಡು ಸುತ್ತು ಕುಣಿದು ದಾರಿ ಬಿಟ್ಬಿಡಿ" ಎಂದು ಬೇಡಿಕೊಂಡಿದ್ದಳು. ತಲೆಯ ಮೇಲೆ ಕೊಡ ಇರುವ ಹೊತ್ತು ಕಡಿಮೆಯಾದಷ್ಟೂ ಮರ್ಯಾದೆ ಉಳಿಯುತ್ತದೆಂಬುದು ಅವಳ ಲೆಕ್ಕ. ಯಾವ ತಾಯಿಯಾದರೂ ಹಾಗೆಯೇ ಯೋಚಿಸಿಯಾಳು.

ಸೀತಕ್ಕ ಮಾತಿಗೆ ತಪ್ಪಲಿಲ್ಲ. ಬಾವಿಕಟ್ಟೆಯ ಹತ್ತಿರ ನನ್ನ ತಲೆಗೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಕೊಡ ಕೂರಿಸಿ, ನನ್ನ ಪಕ್ಕ ನಿಂತಳು. ವಾಲಗ ಶುರುವಾಯಿತು. ಎರಡು ಸುತ್ತು ಕುಣಿದು ಎಲ್ಲರೂ ಬದಿಗೆ ಸರಿದರು. ಕುಣಿಯುವವರೇ ಇಲ್ಲವೆಂದು ವಾಲಗವೂ ನಿಂತಿತು. ನನ್ನೆದುರು ಬರೀ ಅಂಗಳ, ಎರಡು ಬದಿಯಲ್ಲೂ ಕಣ್ಣುಗಳು.

"ದಾರಿ ಬಿಟ್ಟಿದ್ದಾರಲ್ಲ, ಬೇಗ ಬೇಗ ಬಾ!" ನಮ್ಮ ಕಡೆಯವರೇ ಯಾರೋ ಕೂಗಿದರು.

ನಾಲ್ಕು ಹೆಜ್ಜೆ ಇಟ್ಟೆ. ಐದನೆಯದು ಸೀರೆಯ ಅಂಚಿನ ಮೇಲೆ ಬಿತ್ತು. ಕೊಡ ವಾಲಿತು, ತಣ್ಣನೆಯ ನೀರು ಕಿವಿಯ ಮೇಲಿಂದ ಕುತ್ತಿಗೆಗೆ ಇಳಿಯಿತು. ಸೀತಕ್ಕ ಹಿಡಿಯದಿದ್ದರೆ ಕೊಡ ನೆಲಕ್ಕೇ. ಯಾರೋ "ಅಯ್ಯೋ" ಎಂದರು. ಅವ್ವ ಚಪ್ಪರದ ಕಂಬದ ಕಡೆಗೆ ಮುಖ ತಿರುಗಿಸಿಕೊಂಡದ್ದು ಕಂಡಿತು. ನನಗೆ ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಆ ಖಾಲಿ ಅಂಗಳದ ಮೇಲೇ ಸಿಟ್ಟು.

ಏಕೆಂದರೆ ಅವರು ಕುಣಿದ ಆ ಎರಡು ಸುತ್ತಿನಲ್ಲಿ ನಾನು ಒಮ್ಮೆಯೂ ತಡವರಿಸಿರಲಿಲ್ಲ. ಎದುರಿಗೆ ಜನರಿದ್ದಾಗ ನನ್ನ ದಾರಿ ಒಂದೇ ಹೆಜ್ಜೆಯಷ್ಟಿತ್ತು. ಆ ಹೆಜ್ಜೆ ಯಾವಾಗ ಎಂದು ಡೋಲು ಹೇಳುತ್ತಿತ್ತು. ಬೇಗ ಎನ್ನುವವರು ಯಾರೂ ಇರಲಿಲ್ಲ.

"ಅಕ್ಕ, ಅವ್ರನ್ನ ವಾಪಸ್ ಕರೀರಿ" ಎಂದೆ.

"ಯಾರನ್ನ?"

"ಕುಣಿಯೋರನ್ನ. ಅಡ್ಡ ಬರೋಕೆ ಹೇಳಿ. ದಾರಿ ಬಿಟ್ರೆ ನಂಗೆ ನಡಿಯೋಕಾಗಲ್ಲ."

ಮದುಮಗಳು ಬಾಯಿಬಿಡುವುದೇ ಹೆಚ್ಚು. ಅಡ್ಡ ಬನ್ನಿ ಎಂದು ಕೇಳಿದವಳನ್ನು ಸೀತಕ್ಕ ಕಂಡಿರಲಿಲ್ಲ. ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ಬಾವಿಗೆ ತಿರುಗಿ ಕರೆದೊಯ್ದು ಕೊಡ ತುಂಬಿಸಿ, ಇಡೀ ಅಂಗಳಕ್ಕೆ ಕೇಳುವಂತೆ, "ವಾಲಗ ಯಾಕ್ರೋ ನಿಲ್ಸಿದ್ದು? ಹುಡುಗಿಯೇ ಕರೀತಿದ್ದಾಳೆ, ಬನ್ರೋ!" ಎಂದಳು.

ಬಂದರು ನೋಡಿ! ಊಟಕ್ಕೆ ಕೂತಿದ್ದವರೂ ಕೈ ತೊಳೆದುಕೊಂಡು ಬಂದರು. ಡೋಲಿನ ಪೆಟ್ಟಿಗೆ ಬಲಗಾಲು, ಇನ್ನೊಂದು ಪೆಟ್ಟಿಗೆ ಎಡಗಾಲು. ಹುಟ್ಟಿದಾಗಿನಿಂದ ಎಲ್ಲರಿಗಿಂತ ಹಿಂದೆ ಬಿದ್ದವಳು ನಾನು. ಅವತ್ತು ಒಂದು ಊರಿಗೆ ಊರೇ ನನ್ನ ವೇಗದಲ್ಲಿ ನಡೆಯಿತು. ಅಂಗಳದ ದೀಪ ಹತ್ತಿತು. ನನ್ನ ಗಂಡನ ಸೋದರಮಾವ ಏದುಸಿರು ಬಿಡುತ್ತ, "ಸಾಕಾ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು.

"ಇನ್ನೂ ಸ್ವಲ್ಪ ಮಾವ" ಎಂದೆ. ಅಂಗಳವೆಲ್ಲ ನಕ್ಕಿತು.

ಎರಡೂವರೆ ಗಂಟೆ ಹಿಡಿಯಿತು. ಕೊನೆಗೆ ಸೋತು ಜಗಲಿಯಲ್ಲಿ ಕೂತವರು ಅವರು. ನಾನು ಕೊಡವನ್ನು ಅಡುಗೆಮನೆಯಲ್ಲಿ ಇಳಿಸಿದೆ. ಒಂದು ಹನಿಯೂ ಚೆಲ್ಲಿರಲಿಲ್ಲ. "ಗೆದ್ದುಬಿಟ್ಟೆ ಕಣೇ" ಎಂದು ಸೀತಕ್ಕ ತಬ್ಬಿಕೊಂಡಳು. ಅವ್ವ ಸೆರಗಿನಿಂದ ನನ್ನ ಬೆವರಿದ ಕುತ್ತಿಗೆ ಒರೆಸಿದಳು.

ಇಂದಿಗೂ ಸಂತೆಯ ದಿನ ಪೇಟೆಗೆ ಹೋದರೆ ಮನಸ್ಸಿನಲ್ಲೇ ಡೋಲು ಬಾರಿಸಿಕೊಂಡು ನಡೆಯುತ್ತೇನೆ. ಕಂಡಕ್ಟರನಿಗೂ ಹೇಳಲು ಕಲಿತಿದ್ದೇನೆ: "ಅವಸರ ಮಾಡ್ಬೇಡಪ್ಪ, ಹತ್ತುತೀನಿ." ಹತ್ತಿಯೇ ಹತ್ತುತ್ತೇನೆ.

ಎಣ್ಣೆ ಕೈ ಒರೆಸಿಕೊಂಡು ಕಾವ್ಯಳಿಗೆ ಫೋನ್ ಮಾಡಿ, ಅಮ್ಮನಿಗೆ ಕೊಡು ಎಂದೆ.

"ಅತ್ತಿಗೆ, ದಾರಿ ಬಿಡಿ ಅಂತ ಯಾರಿಗೂ ಹೇಳ್ಬೇಡಿ. ಸುಸ್ತಾಗೋವರೆಗೂ ಕುಣೀಲಿ. ಅವಳ ಪಕ್ಕದಲ್ಲಿ ನಾನಿರ್ತೀನಿ."

"ನೀವಾ?" ಅತ್ತಿಗೆಯ ಗಾಬರಿ ಫೋನಿನಲ್ಲೇ ಕಾಣುತ್ತಿತ್ತು. "ಇಬ್ರೂ ಬಿದ್ರೆ?"

"ಅಷ್ಟು ಜನ ಅಡ್ಡ ನಿಂತಿದ್ರೆ ಬೀಳೋಕೆ ಜಾಗ ಎಲ್ಲಿರ್ತದೆ ಅತ್ತಿಗೆ?"

ಆಚೆ ಕಡೆ ಕಾವ್ಯ ನಗುವುದು ಕೇಳಿಸಿತು. ಫೋನ್ ಇಟ್ಟು ಕಾಫಿಗೆಂದು ಒಳಗೆ ಹೊರಟೆ. ಬಾಗಿಲು ಮತ್ತೆ ಭುಜಕ್ಕೆ ತಾಗಿತು. ಈ ಸಲ ಸಾರಿ ಹೇಳಲಿಲ್ಲ.