ಟೆಂಪೊ ಹತ್ತಲೊಲ್ಲದ ಕುದುರೆ

ಹೋದ ತಿಂಗಳು ಹುಳು ಮನೆಯ ಅಟ್ಟ ಖಾಲಿ ಮಾಡುವಾಗ ನನ್ನ ತಮ್ಮನ ಮಗ ಮೂಲೆಯಿಂದ ಒಂದು ಹಳೆಯ ಕ್ಯಾನ್ ಇಳಿಸಿದ. ರೇಷ್ಮೆ ಹುಳು ಸಾಕುವ ಮನೆಗೆ ಹೊಡೆಯಲು ಈಗ ಬೇರೆ ಔಷಧಿಗಳು ಬಂದಿವೆ, ಹಾಗಾಗಿ ಅದೇನೆಂದು ಅವನಿಗೆ ಗೊತ್ತಾಗಲಿಲ್ಲ. ಮುಚ್ಚಳ ತಿರುಗಿಸಿ ಮೂಸಿದವನು ತಟ್ಟನೆ ಮುಖ ಆಚೆ ತಿರುಗಿಸಿಕೊಂಡ. ತಳದಲ್ಲಿ ಬೆಳ್ಳಗೆ ಸುಣ್ಣದಂತೆ ಗಟ್ಟಿಯಾಗಿತ್ತಂತೆ. ಅಂಗಳದ ಇನ್ನೊಂದು ತುದಿಯಲ್ಲಿ ಕೂತಿದ್ದ ನನಗೂ ಆ ವಾಸನೆ ಬಂತು. ಫಾರ್ಮಲಿನ್... ನಾನು ಕಣ್ಣೊರೆಸಿಕೊಂಡದ್ದನ್ನು ನೋಡಿ ಅವನು ಕ್ಯಾನನ್ನು ದೂರ ಒಯ್ದ. ಔಷಧಿಯ ಘಾಟಿಗೆ ಹಾಗಾಯಿತು ಎಂದುಕೊಂಡಿರಬೇಕು.

ನನಗೆ ಎಪ್ಪತ್ತು ದಾಟಿದೆ. ಈಗ ಬರೆಯುತ್ತಿರುವುದನ್ನು ನನ್ನ ಹೆಂಡತಿಗೂ ನಾನು ಹೇಳಿರಲಿಲ್ಲ.

ಅವರನ್ನು ನಮ್ಮ ಮನೆಯಲ್ಲಿ ಎಲ್ಲರೂ ಜಟಕಾ ಸಾಬರು ಎನ್ನುತ್ತಿದ್ದರು. ನಾನು ಮಾತ್ರ ಚಾಚಾ ಎನ್ನುತ್ತಿದ್ದೆ. ಅಪ್ಪ ರೇಷ್ಮೆಗೂಡಿನ ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ರಾಮನಗರಕ್ಕೆ ಬಂದರೆ, ಬಸ್ ಸ್ಟ್ಯಾಂಡಿನಿಂದ ಗೂಡಿನ ಮಾರುಕಟ್ಟೆಗೆ ಅವರ ಜಟಕಾವೇ ಆಗಬೇಕಿತ್ತು. ಗೂಡು ನಲುಗದ ಹಾಗೆ ಓಡಿಸುವವರು ಅವರೊಬ್ಬರೇ ಎಂದು ಅಪ್ಪನ ನಂಬಿಕೆ. ಅವರ ಕೈಯಲ್ಲಿ ಚಾವಟಿ ಇರುತ್ತಿತ್ತು, ಆದರೆ ಅದು ಕುದುರೆಯ ಮೈಗೆ ತಾಗಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ಕೈಯಲ್ಲಿ ಸದಾ ನಶ್ಯದ ಡಬ್ಬಿ. ಇಪ್ಪತ್ತು ವರ್ಷ ನಶ್ಯ ಏರಿಸಿ ಏರಿಸಿ ತನ್ನ ಮೂಗು ಸತ್ತುಹೋಗಿದೆ, ರೀಲಿಂಗ್ ಮನೆಗಳ ಸಾಲಿನಲ್ಲಿ ವಾಸ ಮಾಡುವವನಿಗೆ ಅದೇ ಒಳ್ಳೆಯದು ಎಂದು ನಗುತ್ತಿದ್ದರು. ನೂಲು ತೆಗೆಯಲು ಗೂಡು ಬೇಯಿಸುವ ಆ ಬೀದಿಯ ನಾತ ಗೊತ್ತಿದ್ದವರಿಗೆ ಅವರ ಮಾತು ತಮಾಷೆ ಅನ್ನಿಸುತ್ತಿರಲಿಲ್ಲ.

ನಾನು ದೊಡ್ಡವನಾದ ವರ್ಷಗಳಲ್ಲಿ ಮಾಗಡಿ, ಕನಕಪುರದ ಕಡೆ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾದವು. ನಾನೂ ಒಂದು ಟೆಂಪೊ ಕೊಂಡೆ. ಗೂಡು ಸಾಗಿಸುವುದಕ್ಕಿಂತ ಹೆಚ್ಚು ನಾನು ಸಾಗಿಸುತ್ತಿದ್ದದ್ದು ಚಂದ್ರಿಕೆಗಳನ್ನು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಎಲ್ಲರ ಮನೆಯಲ್ಲೂ ಸಾಕಷ್ಟು ಇರುತ್ತಿರಲಿಲ್ಲ, ಒಂದೂರಿನಿಂದ ಇನ್ನೊಂದೂರಿಗೆ ಬಾಡಿಗೆಗೆ ಹೋಗುತ್ತಿದ್ದವು. ಹುಳು ಹಣ್ಣಾದ ದಿನವೇ ಚಂದ್ರಿಕೆ ಬಾಗಿಲಲ್ಲಿ ಇರಬೇಕು. ಒಂದು ದಿನ ತಡವಾದರೆ ತಿಂಗಳ ದುಡಿಮೆ ಹಾಳು.

ಆಟೊಗಳು ಬಂದ ಮೇಲೆ ಜಟಕಾ ಸ್ಟ್ಯಾಂಡ್ ಕರಗುತ್ತಾ ಬಂತು. ಚಾಚಾನ ಮುದಿ ಕುದುರೆ ಸತ್ತಿತ್ತು. ಅದರ ಮರಿಯೊಂದಿತ್ತು, ಎರಡೂವರೆ ವರ್ಷದ್ದು, ಕಾಫಿ ಬಣ್ಣ, ಹಣೆಯ ಮೇಲೆ ಬಿಳಿ ಮಚ್ಚೆ. ಅದನ್ನು ಒಣಗಿದ ಕೆರೆಯಂಗಳದಲ್ಲಿ ಅವರೇ ಪಳಗಿಸಿದ್ದರು. ಅದನ್ನೂ ಬೇಟಾ ಎನ್ನುತ್ತಿದ್ದರು, ನನ್ನನ್ನೂ ಬೇಟಾ ಎನ್ನುತ್ತಿದ್ದರು. ಮೈಸೂರಿನಲ್ಲಿ ಅವರ ಅಳಿಯ ಜಟಕಾ ಓಡಿಸುತ್ತಿದ್ದ. ಅಲ್ಲಿಗೆ ಬರುವ ಪ್ರವಾಸಿಗಳಿಗೆ ಇನ್ನೂ ಜಟಕಾ ಬೇಕಿತ್ತು. ಸ್ಟ್ಯಾಂಡಿನಲ್ಲಿ ಒಂದು ಜಾಗ ಖಾಲಿಯಾಗಿದೆ, ಈ ವಾರದೊಳಗೆ ಕುದುರೆ ತಂದರೆ ನಿಮಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ ಎಂದು ಹೇಳಿ ಕಳಿಸಿದ್ದ. ಚಾಚಾಗೆ ಅದೇ ಕೊನೆಯ ದಾರಿ.

ಮೂರು ದಿನ ನಡೆಸಿಕೊಂಡು ಹೋಗುತ್ತೇನೆ ಎಂದರು. ಬೇಡ ಎಂದವನು ನಾನು. ಲಾರಿಗಳ ರಸ್ತೆಯಲ್ಲಿ ಮರಿ ಬೆದರುತ್ತದೆ, ನಿಮ್ಮ ಮಂಡಿ ನಡೆಯುವ ಹಾಗಿಲ್ಲ, ಮೂರು ಗಂಟೆಯಲ್ಲಿ ನಾನೇ ಬಿಟ್ಟು ಬರುತ್ತೇನೆ ಎಂದೆ. ಬರುವಾಗ ಮದ್ದೂರಿನ ಹತ್ತಿರ ಚಂದ್ರಿಕೆ ತುಂಬಿಕೊಂಡು ಸಂಜೆಯೊಳಗೆ ಮಾಗಡಿ ಕಡೆಯ ಒಂದು ಊರಿಗೆ ತಲುಪಿಸುವುದಿತ್ತು. ಬಾಡಿಗೆ ಬೇಡ ಎಂದೆ. ಪ್ರೀತಿಯಿಂದಲೇ ಅಂದದ್ದು, ಅದು ಸುಳ್ಳಲ್ಲ.

ಹೊರಡುವುದರ ಹಿಂದಿನ ದಿನ ಒಂದು ಮನೆಯಿಂದ ಚಂದ್ರಿಕೆ ಸಾಗಿಸಿದ್ದೆ. ಇಳಿಸಿ ನೋಡಿದರೆ ಟೆಂಪೊದ ಮೂಲೆಗಳಲ್ಲಿ ಬಳಪದ ತುಂಡಿನ ಹಾಗೆ ಬೆಳ್ಳಗೆ ಗಟ್ಟಿಯಾದ ಹುಳುಗಳು ಬಿದ್ದಿದ್ದವು. ಸುಣ್ಣಕಟ್ಟು ರೋಗ. ಆ ಮನೆಯವರು ಬಾಯಿ ಬಿಟ್ಟಿರಲಿಲ್ಲ. ರೋಗದ ಮನೆಯ ಚಂದ್ರಿಕೆ ಹೊತ್ತ ಗಾಡಿ ಎಂದು ಒಬ್ಬರ ಬಾಯಲ್ಲಿ ಬಂದರೆ ಸಾಕು, ನಮ್ಮ ಕಡೆ ಆ ಗಾಡಿಯನ್ನು ಹುಳು ಮನೆಯ ಹತ್ತಿರಕ್ಕೂ ಯಾರೂ ಬಿಡುತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮರುದಿನ ಬೆಳಗಾಗುವಾಗ ಹಲಗೆಗಳಿಗೆಲ್ಲ ಫಾರ್ಮಲಿನ್ ಹೊಡೆದೆ. ನೀರು ಬೆರೆಸಬೇಕಾದಷ್ಟು ಬೆರೆಸಲಿಲ್ಲ. ಒಂದು ದಿನ ಮುಚ್ಚಿಟ್ಟು, ಇನ್ನೊಂದು ದಿನ ತೆರೆದು ಗಾಳಿಗೆ ಬಿಡಬೇಕು ಎಂಬುದು ಹುಳು ಸಾಕುವ ಮನೆಯ ಮಕ್ಕಳಿಗೂ ಗೊತ್ತು. ನಾನು ಒಂದು ಗಂಟೆ ಟಾರ್ಪಾಲು ತೆಗೆದಿಟ್ಟು, ಒದ್ದೆ ಹಲಗೆಯ ಮೇಲೆ ದಪ್ಪಗೆ ಹುಲ್ಲು ಹಾಸಿ, ರಾಮನಗರಕ್ಕೆ ಹೊರಟೆ.

ಹತ್ತು ಗಂಟೆಯ ಹೊತ್ತಿಗೆ ರೀಲಿಂಗ್ ಮನೆಗಳ ಹಿಂದಿನ ಮಣ್ಣಿನ ದಿಬ್ಬಕ್ಕೆ ಟೆಂಪೊದ ಹಿಂಭಾಗ ಒತ್ತಿ ನಿಲ್ಲಿಸಿದೆ. ಕುದುರೆ ಹತ್ತಬೇಕಾಗಿಯೂ ಇರಲಿಲ್ಲ, ಸಮನೆಲದ ಮೇಲೆ ನಡೆದಂತೆ ಒಳಗೆ ಹೋಗಬಹುದಿತ್ತು. ಅದು ಎರಡು ಹೆಜ್ಜೆ ಬಂತು. ಮುಂಗಾಲು ಹುಲ್ಲಿನ ಮೇಲಿಟ್ಟು, ಕತ್ತು ಚಾಚಿ, ಮೂಗಿನ ಹೊಳ್ಳೆ ಅರಳಿಸಿ ನಿಂತಿತು. ಆಮೇಲೆ ಮೈಯೆಲ್ಲ ಅದುರಿ ಹಿಂದಕ್ಕೆ ಸರಿಯಿತು.

ಚಾಚಾ ಎಳೆಯಲಿಲ್ಲ. ಹಗ್ಗ ಸಡಿಲ ಬಿಟ್ಟು, ಒಂದು ಸುತ್ತು ನಡೆಸಿ, ಬೆಲ್ಲ ತಿನ್ನಿಸಿ, ಮತ್ತೆ ಕರೆತಂದರು. ಮತ್ತೆ ಹಾಗೇ. ಮೂರನೆಯ ಸಲ ಅದು ದಿಬ್ಬದ ಹತ್ತಿರವೇ ಬರಲಿಲ್ಲ. ರೀಲಿಂಗ್ ಮನೆಯವರು, ಗೂಡು ಮಾರಲು ಬಂದ ನಾಲ್ಕಾರು ರೈತರು ಸುತ್ತ ನಿಂತರು. ಅವರಲ್ಲಿ ನನ್ನ ಗಿರಾಕಿಗಳೂ ಇದ್ದರು. ಬೇಯುವ ಗೂಡಿನ ನಾತದಲ್ಲಿ ಔಷಧಿಯ ವಾಸನೆ ಅವರ ಗಮನಕ್ಕೆ ಬರಲಿಲ್ಲ.

"ಸಾಬ್ರೇ, ಟಿಕೆಟ್ ತಗ್ಸಿಲ್ಲ ಅಂತ ಮುನಿಸ್ಕಂಡೈತೆ ಕಣ್ರಿ," ಎಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚಾಚಾ ನಗಲಿಲ್ಲ. ಹಗ್ಗ ಬಿಗಿ ಮಾಡಿದರೆ ಅದು ಹಗ್ಗದ ಜೊತೆ ಜಗಳವಾಡುತ್ತದೆಯೇ ಹೊರತು ನಮ್ಮ ಮಾತು ಕೇಳುವುದಿಲ್ಲ, ಇವತ್ತು ಬೇಡ ಎನ್ನುತ್ತಿದೆ, ಕಾರಣ ಇಲ್ಲದೆ ಅನ್ನುವ ಪ್ರಾಣಿಯಲ್ಲ ಎಂದರು. ನಾಳೆ ನೋಡೋಣ, ಇಲ್ಲವೆಂದರೆ ನಡೆದೇ ಹೋಗುತ್ತೇನೆ ಎಂದರು. ನನಗೆ ಮಾಗಡಿ ಕಡೆ ಹಣ್ಣಾಗುತ್ತಿದ್ದ ಹುಳುಗಳ ಚಿಂತೆ. ಹೊತ್ತಾಗುತ್ತದೆ ಎಂದು ಗೊಣಗಿದೆ.

ಆಗ ಅವರು ನನ್ನ ಹತ್ತಿರ ಬಂದು ನಿಂತು ಕೇಳಿದರು. "ಒಳಗೆ ಏನಾದ್ರೂ ಹಾಕಿದ್ಯೇನ್ ಬೇಟಾ? ನನ್ ಮೂಗು ಸತ್ತೋಗೈತೆ, ನಿಂಗೇ ಗೊತ್ತು. ನೀನೇ ಹೇಳು."

ಸುತ್ತ ಜನ. ಗಾಡಿಗೆ ಫಾರ್ಮಲಿನ್ ಎಂದರೆ ರೋಗ ಎಂದೇ ತಿಳಿಯುವ ಗಿರಾಕಿಗಳು.

"ಏನೂ ಇಲ್ಲ ಚಾಚಾ," ಎಂದೆ. "ನೀರಾಕಿ ತೊಳ್ದಿವ್ನಿ, ಅಷ್ಟೆ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೆಗಲ ಮೇಲಿದ್ದ ಟವೆಲ್ ತೆಗೆದು, ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತ ಅದರ ಕಣ್ಣಿಗೆ ಕಟ್ಟಿದರು. ನಾಲ್ಕು ಜನ ಹಿಂದಿನಿಂದ ಕೈ ಕೊಟ್ಟರು. ಕಣ್ಣು ಕಟ್ಟಿದ ಮೇಲೆ ಅದು ಚಾಚಾನ ದನಿಯ ಹಿಂದೆ ಹೋಯಿತು... ಅವರೂ ಒಳಗೇ ನಿಂತರು. ಗಾಳಿಗೆ ಬೆದರೀತು ಎಂದು ಹೇಳಿ ನಾನು ಟಾರ್ಪಾಲು ಇಳಿಸಿ ನಾಲ್ಕೂ ಕಡೆ ಹಗ್ಗ ಬಿಗಿದೆ. ನಿಜವಾಗಿ, ಊರೊಳಗೆ ಹಾದು ಹೋಗುವಾಗ ವಾಸನೆ ಹೊರಗೆ ಬಾರದಿರಲಿ ಎಂದು.

ಬಿಸಿಲು ಏರಿತ್ತು. ಊರು ದಾಟಿ ಎರಡು ಮೈಲಿ ಹೋಗುವಷ್ಟರಲ್ಲಿ ಹಿಂದಿನ ಹಲಗೆ ಬಡಿಯತೊಡಗಿತು. ಮೊದಲು ಗೊರಸಿನ ಸದ್ದು. ಮರಿ ಒದೆಯುತ್ತಿದೆ, ಸುಮ್ಮನಾಗುತ್ತದೆ ಎಂದುಕೊಂಡೆ. ಆಮೇಲೆ ಅದರ ನಡುವೆ ಇನ್ನೊಂದು ಸದ್ದು ಕೇಳಿಸಿತು, ನನ್ನ ತಲೆಯ ಹಿಂದೆಯೇ. ಗೊರಸಿಗೂ ಅಂಗೈಗೂ ವ್ಯತ್ಯಾಸ ತಿಳಿಯದಷ್ಟು ಕಿವುಡ ನಾನಾಗಿರಲಿಲ್ಲ.

ಕೆಂಗಲ್ ಬಂತು. ಆ ದಾರಿಯಲ್ಲಿ ಹೋಗುವಾಗ ಹನುಮಂತರಾಯನ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿಯದೆ ನಾನು ಮುಂದೆ ಹೋದವನಲ್ಲ. ಅವತ್ತು ಗುಡಿಯ ಮುಂದೆ ಬಸ್ಸಿಗೆ ಕಾಯುತ್ತ ಜನ ನಿಂತಿದ್ದರು. ಅವರಲ್ಲಿ ಇಬ್ಬರು ನಾನು ಚಂದ್ರಿಕೆ ಸಾಗಿಸುವ ಮನೆಯವರು, ಕೈಯೆತ್ತಿದರು. ಅಲ್ಲಿ ಟಾರ್ಪಾಲು ಬಿಚ್ಚಿದರೆ... ನಾನು ಹಾರನ್ ಹೊಡೆದು ಮುಂದೆ ಹೋದೆ. ಯಾರೂ ಇಲ್ಲದ ಜಾಗ ಹುಡುಕುತ್ತ ಹೋದೆ. ಕೈ ಬಡಿಯುವುದು ನಿಧಾನವಾಯಿತು. ಆಮೇಲೆ ನಿಂತಿತು.

ಚನ್ನಪಟ್ಟಣಕ್ಕೆ ಸ್ವಲ್ಪ ಮುಂಚೆ ಆಲದ ಮರಗಳ ಕೆಳಗೆ ನಿಲ್ಲಿಸಿ ಹಗ್ಗ ಬಿಚ್ಚಿದೆ. ಒಳಗಿನ ಕಾವಿಗೆ ಎದ್ದಿದ್ದ ಘಾಟು ಮುಖಕ್ಕೆ ಹೊಡೆದು ನಾನೇ ಹಿಂದಕ್ಕೆ ಸರಿದೆ. ಚಾಚಾ ಮೂಲೆಯಲ್ಲಿ ಕುಸಿದಿದ್ದರು. ಕುದುರೆಯ ಕಣ್ಣಿಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕುಡಿಯುವ ನೀರಿನಲ್ಲಿ ನೆನೆಸಿದ್ದರು. ಅದು ಅವರ ಮೂಗಿನ ಮೇಲಿರಲಿಲ್ಲ, ಕುದುರೆಯ ಮೂಗಿಗೆ ಕಟ್ಟಿತ್ತು. ಬೆಳಕು ಕಂಡದ್ದೇ ತಡ ಮರಿ ಹಿಂಬದಿಯ ಹಲಗೆಯನ್ನು ಹಾರಿತು. ಕಣ್ಣು ಕಾಣುತ್ತಿತ್ತೋ ಇಲ್ಲವೋ. ರಸ್ತೆಯ ಅಂಚಿನ ಕಲ್ಲಿನ ಮೇಲೆ ಬಿತ್ತು. ಮುಂಗಾಲು ಮುರಿದ ಸದ್ದು ನನಗೆ ಕೇಳಿಸಿತು.

ದಾರಿಹೋಕರು ಹೋಗಿ ಚನ್ನಪಟ್ಟಣದಿಂದ ಪಶುವೈದ್ಯರನ್ನು ಕರೆತಂದರು. ಮಾಡುವುದೇನೂ ಇಲ್ಲ ಎಂದರು ಅವರು. ಚುಚ್ಚುಮದ್ದು ಕೊಡುವವರೆಗೂ, ಕೊಟ್ಟ ಮೇಲೂ ಚಾಚಾ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇದು ಹೇಗಾಯಿತು ಎಂದು ವೈದ್ಯರು ಕೇಳಿದಾಗ, ಕೆಮ್ಮಿನ ನಡುವೆ ಹೇಳಿದರು. "ಬೇಡ ಬೇಡ ಅಂತಿತ್ತು ಸಾಮಿ. ನಾನೇ ಕಣ್ ಕಟ್ಟಿ ಹತ್ತಿಸ್ದೆ. ತಪ್ಪು ನಂದು."

ನಾನು ಪಕ್ಕದಲ್ಲೇ ನಿಂತಿದ್ದೆ. ಹುಲ್ಲಿನ ದೂಳಿಗೆ ಉಸಿರು ಕಟ್ಟಿರಬೇಕು ಎಂದೆ. ಅಷ್ಟನ್ನೇ ಹೇಳಿದ್ದು.

ಮೈಸೂರಿನ ಜಾಗ ಇನ್ನೊಬ್ಬರಿಗೆ ಹೋಯಿತು. ಚಾಚಾನ ಎಡಗಣ್ಣು ಮಂಜಾಯಿತು, ಎದೆಯ ಕೆಮ್ಮು ಹೋಗಲಿಲ್ಲ. ಜಟಕಾ ಮಾರಿ, ಒಂದು ರೀಲಿಂಗ್ ಮನೆಯಲ್ಲಿ ಗೂಡು ಆರಿಸುವ ಕೆಲಸಕ್ಕೆ ಕೂತರು. ನಾನು ಆಗಾಗ ಹೋಗುತ್ತಿದ್ದೆ, ಅವರೆಕಾಯಿಯೋ ರಾಗಿಯೋ ಹಿಡಿದುಕೊಂಡು. ಚಹಾ ಕೊಡಿಸುತ್ತಿದ್ದರು. ಮನೆಯವರೆಲ್ಲರ ಯೋಗಕ್ಷೇಮ ಕೇಳುತ್ತಿದ್ದರು. ಮಾತು ಮುಗಿದ ಮೇಲೆ ಪ್ರತಿ ಸಲವೂ, "ಇನ್ನೇನ್ ಬೇಟಾ?" ಎಂದು ಕೇಳಿ, ಚೆನ್ನಾಗಿದ್ದ ಕಣ್ಣನ್ನು ನನ್ನ ಮೇಲಿಟ್ಟು ಸುಮ್ಮನೆ ಕೂರುತ್ತಿದ್ದರು. ನಾನು ಗೂಡಿನ ರೇಟಿನ ಮಾತು ತೆಗೆಯುತ್ತಿದ್ದೆ. ಇಲ್ಲವೆಂದರೆ ಎದ್ದು ಬರುತ್ತಿದ್ದೆ. ಅದು ಅವರ ಮಾತಿನ ರೂಢಿ ಎಂದುಕೊಂಡಿದ್ದೆ.

ಎರಡು ವರ್ಷಕ್ಕೆ ಅವರು ಹೋದರು. ಮಣ್ಣಾದ ಮೇಲೆ ಒಂದು ದಿನ ಅವರ ಹೆಂಡತಿ ಚಾಚಿಯನ್ನು ನೋಡಲು ಹೋದೆ. ಹೊರಡುವಾಗ ಬಾಗಿಲವರೆಗೆ ಬಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ.

"ಆ ಟವೆಲ್ ಒಗ್ದಿದ್ದು ನಾನೇ ಕಣಪ್ಪಾ. ಹುಳ ಮನೇಲಿ ಕೂಲಿ ಮಾಡ್ದೋಳು ನಾನು, ಆ ವಾಸ್ನೆ ನಂಗೆ ಗೊತ್ತಾಗಲ್ವಾ? ಅವತ್ತೇ ಅವ್ರಿಗೆ ಹೇಳ್ದೆ."

ನಾನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ.

"ಅವ್ನನ್ನ ನೀನೇನೂ ಕೇಳ್ಬೇಡ ಅಂತ ನಂಗೆ ಅಂದ್ರು. ಬೇಟಾ ಬತ್ತಾನೆ, ಅವ್ನೇ ಹೇಳ್ತಾನೆ ಅಂದ್ರು."

ಆ ಬೀದಿಗೆ ನಾನು ಮತ್ತೆ ಹೋಗಲಿಲ್ಲ. ಟೆಂಪೊ ಮಾರಿದೆ. ಚಾಚಿಯೂ ಹೋಗಿ ಎಷ್ಟೋ ವರ್ಷವಾಯಿತು. ಜಟಕಾ ಸ್ಟ್ಯಾಂಡಿದ್ದ ಕಡೆ ಈಗ ಆಟೊಗಳು ನಿಲ್ಲುತ್ತವೆ, ಅಲ್ಲಿ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ತೊಟ್ಟಿಯೂ ಇಲ್ಲ.

ಅವತ್ತು ಕ್ಯಾನನ್ನು ದೂರ ಇಟ್ಟು ಬಂದ ತಮ್ಮನ ಮಗ ಕೈ ತೊಳೆದುಕೊಂಡು ನನ್ನ ಮುಂದೆ ನಿಂತ. "ಇನ್ನೇನ್ ದೊಡ್ಡಪ್ಪಾ? ಇನ್ನೇನಾರ ಐತಾ?" ಎಂದು ಕೇಳಿದ. ಅಟ್ಟದಿಂದ ಇಳಿಸುವುದು ಇನ್ನೇನಾದರೂ ಇದೆಯೇ ಎಂದು ಅವನು ಕೇಳಿದ್ದು.

"ಏನೂ ಇಲ್ಲ," ಎಂದೆ.

ಇದನ್ನು ನನ್ನ ಬಾಯಿಂದ ಕೇಳಬೇಕಾಗಿದ್ದವರು ಎರಡು ವರ್ಷ ಕಾದು ಹೋಗಿಬಿಟ್ಟರು... ಇದನ್ನು ಬರೆಯಲು ಕಾಗದ ತರಿಸಿದ್ದು ಅವತ್ತು ಸಂಜೆ.