ಫೋಟೋದವನು ತಿದ್ದದೇ ಬಿಟ್ಟ ಮುಖ

ಸಾಯುವ ಹಿಂದಿನ ದಿನವೂ ಅವನು ಎದ್ದವನೇ ಕನ್ನಡಿ ಒರೆಸಿದ. ಹೆಂಡತಿಯ ಮುಖಕ್ಕಿಂತ ಮೊದಲು ಕನ್ನಡಿಯ ಮುಖ ನೋಡುವ ಗಂಡಸು. ಮುಂದಿನ ಕೋಣೆ ಸ್ಟುಡಿಯೊ, ಹಿಂದಿನದು ಮನೆ, ನಡುವೆ ಒಂದು ಪರದೆ. ಸ್ಟುಡಿಯೊದ ಬಾಗಿಲ ಪಕ್ಕ ಆಳೆತ್ತರದ ಕನ್ನಡಿ. ಅದರ ಕೆಳಗೆ ದಾರ ಕಟ್ಟಿದ ಬಾಚಣಿಗೆ. ದಾರ ಕಟ್ಟದಿದ್ದರೆ ಬಾಚಣಿಗೆಗೆ ಕಾಲು ಬರುತ್ತಿತ್ತು. ಫೋಟೋ ತೆಗೆಸಲು ಬಂದವರು ಅಲ್ಲಿ ತಲೆ ಬಾಚಿ, ಪೌಡರ್ ಮೆತ್ತಿಕೊಂಡು, ಆಮೇಲೆ ಸ್ಟೂಲಿನ ಮೇಲೆ ಕೂರಬೇಕು. ಕನ್ನಡಿಯಲ್ಲಿ ಒಂದು ಬೆರಳಿನ ಗುರುತು ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ.

"ಅಷ್ಟು ಉಜ್ಜಿದ್ರೆ ಕನ್ನಡಿ ಸವೆದು ಹೋಗತ್ತೆ," ಎಂದಳು ಅವಳು, ಟೀ ಲೋಟ ಇಡುತ್ತಾ.

"ಬಂದವರು ಕೊನೇ ಸಲ ತಮ್ಮ ನಿಜವಾದ ಮುಖ ನೋಡ್ಕೊಳ್ಳೋದು ಇಲ್ಲೇ ಕಣೇ. ಆಮೇಲೆ ನನ್ನ ಕೈಗೆ ಸಿಗ್ತಾರೆ."

ಅದು ಸುಳ್ಳಲ್ಲ. ಆ ವರ್ಷ ಸರ್ಕಾರ ಹೊಸ ನಿಯಮ ತಂದಿತ್ತು. ಹಳೆಯ ಕಾರ್ಡು ನಡೆಯುವುದಿಲ್ಲ, ಹೊಸ ಫೋಟೋ ಇರುವ ಹೊಸ ಕಾರ್ಡಿಲ್ಲದೆ ಓಟಿಲ್ಲ. ಬೀದಿಗೆ ಬೀದಿಯೇ ಅವನ ಸ್ಟೂಲಿನ ಮೇಲೆ ಕೂತು ಎದ್ದಿತು. ಅವನು ಕಂಪ್ಯೂಟರಿನ ಮುಂದೆ ಕೂತು ಒಬ್ಬೊಬ್ಬರನ್ನೇ ಹೊಸದಾಗಿ ಹೆತ್ತ. ದರ್ಜಿಯ ಮೂಗಿನ ಮೇಲಿನ ನರೂಲಿ ತೆಗೆದ. ಮೊಟ್ಟೆ ಅಂಗಡಿಯವನ ಮಾಲುಗಣ್ಣು ನೆಟ್ಟಗೆ ಮಾಡಿದ. ಮೂಲೆಮನೆ ಅಜ್ಜಿಯ ಮುಖದ ಸುಕ್ಕನ್ನೆಲ್ಲ ಎಳೆದು ಇಸ್ತ್ರಿ ಹಾಕಿದ ಮೇಲೆ, ಅಜ್ಜಿಗೆ ಗಂಡು ಹುಡುಕಬೇಕೇನೋ ಅನ್ನಿಸುವ ಹಾಗಾಯಿತು. ಎಲ್ಲರಿಗೂ ಖುಷಿಯೋ ಖುಷಿ. ಕಾರ್ಡು ಕೈಗೆ ಬಂದಾಗ ಜನ ಅದನ್ನು ಓಟಿಗೆ ಅಂತ ಎತ್ತಿಡಲಿಲ್ಲ, ನೆಂಟರಿಗೆ ತೋರಿಸಿಕೊಂಡು ತಿರುಗಿದರು.

ಹೆಂಡತಿಯನ್ನೂ ಬಿಟ್ಟಿರಲಿಲ್ಲ. ಅವಳ ಹಣೆಯ ಮೇಲೆ ಹುಬ್ಬಿನಿಂದ ಕೂದಲವರೆಗೆ ಒಂದು ಗಾಯದ ಗೆರೆ. ಮದುವೆಯಾದ ಹೊಸದರಲ್ಲಿ ಸ್ಟುಡಿಯೊದ ಲೈಟಿನ ಕಂಬ ಅವನ ಕೈ ತಪ್ಪಿ ಅವಳ ಮೇಲೆ ಬಿದ್ದಿತ್ತು. ಅಂದಿನಿಂದ ಅವಳ ಯಾವ ಫೋಟೋದಲ್ಲೂ ಆ ಗೆರೆ ಇಲ್ಲ. ಕಂಪ್ಯೂಟರಿನಲ್ಲಿ ಮೊದಲು ಅದನ್ನೇ ತೆಗೆಯುತ್ತಿದ್ದ.

ಅವನು ತಿದ್ದದೇ ಬಿಟ್ಟದ್ದು ಎರಡೇ ಮುಖ. ಒಂದು ತನ್ನದು, ಮುರಿದ ಹಲ್ಲು, ಬೋಳು ತಲೆ ಎಲ್ಲ ಇದ್ದ ಹಾಗೇ. ಇನ್ನೊಂದು ಎದುರುಮನೆಯ ಇಸ್ತ್ರಿಯಮ್ಮನದು. ಅವಳು ಸ್ಟೂಲಿನ ಮೇಲೆ ಕೂತು, "ತಿದ್ದೋಕೆ ಅಂತ ಬೇರೆ ಕಾಸು ಕೇಳಿದ್ರೆ ಕೊಡಲ್ಲ, ಈಗಲೇ ಹೇಳ್ತೀನಿ," ಎಂದಿದ್ದಳು. ಅವನು ಯಾರ ಹತ್ತಿರವೂ ಬೇರೆ ಕಾಸು ಕೇಳಿದವನಲ್ಲ. ಮೂಗಿನ ತುದಿಗೆ ಕೋಪ ಬಂತು. ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿ ಕೊಟ್ಟ. ಗಲ್ಲದ ಮಚ್ಚೆ, ಕಣ್ಣ ಕೆಳಗಿನ ಚೀಲ, ಹಬೆಗೆ ಸುಟ್ಟ ಕೆನ್ನೆ, ಒಂದೂ ಬಿಡಲಿಲ್ಲ. ಇಸ್ತ್ರಿಯಮ್ಮ ನಡುಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡಳು. "ಬೀದಿಯವರನ್ನೆಲ್ಲ ರಾಣಿ ಮಾಡಿ ನನ್ನೊಬ್ಬಳನ್ನ ದೆವ್ವ ಮಾಡಿಟ್ಟನಲ್ಲ!" ಆವತ್ತಿನಿಂದ ಎರಡು ಮನೆಗೂ ಮಾತಿಲ್ಲ.

"ಅವಳದ್ದೊಂದು ಸರಿ ಮಾಡಿ ಕೊಡಬಾರದಿತ್ತಾ?" ಎಂದಳು ಹೆಂಡತಿ, ಆ ಕೊನೆಯ ದಿನ.

ಅವನು ಟೀ ಊದಿ ಒಂದು ಗುಟುಕು ಕುಡಿದ. "ಈ ಬೀದೀಲಿ ನಾನು ತೆಗೆದದ್ದರಲ್ಲಿ ಅದೊಂದೇ ಫೋಟೋ ಕಣೇ. ಉಳಿದದ್ದೆಲ್ಲ ಸೋಪಿನ ಪೊಟ್ಟಣದ ಮೇಲಿನ ಚಿತ್ರ."

ಆಮೇಲೆ ಮಾತು ಓಟಿನ ಕಡೆ ಹೊರಳಿತು. ಈ ಮನೆಯಲ್ಲಿ ಅದು ಹೊರಳದ ದಿನವಿಲ್ಲ. ಅವಳದು ಕುರ್ಚಿ ಗುರುತು, ಅವನದು ಬಕೆಟ್ಟು. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರು. ಅವಳು ಮೊದಲು ಹಾಕಿ ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. ಅವನು ಹಿಂದೆ ಹೋಗಿ ಅವಳ ಓಟನ್ನು ಹೊಡೆದುಹಾಕಿ, ಮುರಿದ ಹಲ್ಲು ತೋರಿಸುತ್ತಾ ಹೊರಗೆ ಬರುತ್ತಿದ್ದ. ಲೆಕ್ಕ ಚುಕ್ತಾ. ಮನೆಯಲ್ಲೇ ಕೂತಿದ್ದರೂ ದೇಶಕ್ಕೆ ಒಂದೇ.

"ಈ ಸಲವೂ ನಿನ್ನ ಕುರ್ಚಿ ಕಾಲು ಮುರೀತೀನಿ, ನೋಡ್ತಿರು."

"ಮುರೀರಿ, ಮುರೀರಿ. ನಿಮ್ಮ ಬಕೆಟ್ಟಿಗೆ ಮೊದಲು ತಳ ಹಾಕಿಸ್ಕೊಳ್ಳಿ."

ಮಾರನೆಯ ಬೆಳಿಗ್ಗೆ ಅವನು ಏಳಲಿಲ್ಲ. ಎದೆ ಹಿಡಿದುಕೊಳ್ಳಲಿಲ್ಲ, ನೀರು ಕೇಳಲಿಲ್ಲ. ನಿದ್ದೆಯಲ್ಲೇ ಹೋದ. ಜನ ಪುಣ್ಯವಂತ ಎಂದರು. ಅವಳಿಗೆ ಸಿಟ್ಟು ಬಂತು. ಹೇಳದೆ ಕೇಳದೆ ಎದ್ದು ಹೋಗುವುದು ಯಾವ ಪುಣ್ಯ?

ಅಳು ಇನ್ನೂ ಹಸಿಯಿರುವಾಗಲೇ ಕುರ್ಚಿ ಪಕ್ಷದ ಏಜೆಂಟ ಬಂದ. ಚಪ್ಪಲಿ ಬಿಟ್ಟು, ಗಂಟಲು ತೇವ ಮಾಡಿಕೊಂಡು, ಮುಖ ಇಳಿಬಿಟ್ಟು ಕೂತ.

"ಅಕ್ಕಾ, ಅಣ್ಣನ ಹೆಸರು ಪಟ್ಟಿಯಲ್ಲಿ ಇನ್ನೂ ಹಾಗೇ ಇದೆ. ಕಾರ್ಡು ಸುಮ್ಮನೆ ಯಾಕೆ ಪೆಟ್ಟಿಗೇಲಿ ಕೊಳೀಬೇಕು? ನಮ್ಮ ಕೈಗೆ ಕೊಡಿ."

"ಅವರು ನಿಮಗೆ ಯಾವತ್ತೂ ಹಾಕಿದವರಲ್ಲ."

"ಈಗ ಹಾಕ್ತಾರಲ್ಲಾ!" ಎಂದ ಏಜೆಂಟ, ಮುಖ ಅರಳಿಸಿಕೊಂಡು.

ಇದು ಅವಳದೇ ಪಕ್ಷ. ಇಷ್ಟು ವರ್ಷ ಇದಕ್ಕಾಗಿ ಗಂಡನ ಜೊತೆ ಜಗಳವಾಡಿದ್ದು. ಅವಳು ಎದ್ದು ಬಾಗಿಲು ಪೂರ್ತಿ ತೆಗೆದಳು. "ಅವರ ಬೋಳುತಲೆ, ಮುರಿದ ಹಲ್ಲು ಎರಡೂ ಇರೋನು ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡು ಬಾಪ್ಪ. ಓಟಿಗೆ ಬೇಡ, ನನಗೇ ಬೇಕು."

ಏಜೆಂಟ ಚಪ್ಪಲಿ ಹುಡುಕಿಕೊಂಡು ಹೋದ.

ಓಟಿನ ದಿನ ಬಂತು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಹೋಗದಿದ್ದರೆ ಅವನೇ ಗೆದ್ದ ಹಾಗೆ. ಅವಳ ಓಟು ಅವನು ಸತ್ತೂ ಹೊಡೆದುಹಾಕಿದ ಹಾಗೆ. ಅಷ್ಟು ಸಲೀಸಾಗಿ ಬಿಟ್ಟುಕೊಡುವ ಹೆಂಗಸಲ್ಲ ಅವಳು. ಇಬ್ಬರ ಕಾರ್ಡನ್ನೂ ಒಂದೇ ಪರ್ಸಿಗೆ ಹಾಕಿಕೊಂಡು ಹೊರಟಳು.

ಮತಗಟ್ಟೆ ಇದ್ದದ್ದು ಶಾಲೆಯ ಸಣ್ಣ ಮಕ್ಕಳ ಕೋಣೆಯಲ್ಲಿ. ಮೊಣಕಾಲೆತ್ತರದ ಬೆಂಚಿನ ಮೇಲೆ ಅಧಿಕಾರಿ ಮಡಚಿಕೊಂಡು ಕೂತಿದ್ದ. ದುಂಡು ಕನ್ನಡಕ, ಹೊಸ ಶರ್ಟು, ಕೈಯಲ್ಲಿ ನಿಯಮದ ಪುಸ್ತಕ. ಹೊರಗೆ ಕ್ಯೂ ಅಲುಗಾಡುತ್ತಿರಲಿಲ್ಲ. ಒಳಗೆ ಹೋದವರು ಹೋದ ದಾರಿಯಲ್ಲೇ ವಾಪಸು ಬರುತ್ತಿದ್ದರು, ಬೆರಳಿಗೆ ಶಾಯಿ ಇಲ್ಲದೆ.

"ಇವರು ನೀವಲ್ಲ," ಎನ್ನುತ್ತಿದ್ದ ಅಧಿಕಾರಿ ದರ್ಜಿಗೆ. "ಕಾರ್ಡಲ್ಲಿ ನರೂಲಿ ಇಲ್ಲ."

"ಮೂಗಲ್ಲಿದೆಯಲ್ಲ ಸಾರ್!"

"ಅದೇ ತೊಂದರೆ. ಮುಖ ಹೊಂದಬೇಕು. ಹೊಂದದಿದ್ರೆ ಇದೇ ಮತಗಟ್ಟೆಯಲ್ಲಿ ಗುರುತು ಒಪ್ಪಿಗೆಯಾದ ಇನ್ನೊಬ್ಬರು ಬಂದು, ಇವರು ಇವರೇ ಅಂತ ಹೇಳಬೇಕು. ಪುಸ್ತಕದಲ್ಲಿದೆ."

"ಮೊಟ್ಟೆ ಅಂಗಡಿಯವನು ಹೇಳ್ತಾನೆ."

"ಅವರದ್ದೇ ಒಪ್ಪಿಗೆ ಆಗಿಲ್ಲ. ಅವರ ಕಣ್ಣು ಹೊಂದ್ತಿಲ್ಲ."

"ಅವನದಕ್ಕೆ ನಾನು ಹೇಳ್ತೀನಿ."

"ನೀವೇ ಇನ್ನೂ ನೀವಾಗಿಲ್ಲವಲ್ಲಪ್ಪಾ!"

ದರ್ಜಿ ಹೊರಗೆ ಬಂದವನೇ ಗೋಡೆಗೆ ಒರಗಿ ಶುರು ಮಾಡಿದ. "ಆ ಫೋಟೋದವನು ಸತ್ತದ್ದಲ್ಲದೆ ನಮ್ಮನ್ನೂ ಸಾಯಿಸಿ ಹೋದ. ಬದುಕಿದ್ದಿದ್ರೆ ಕತ್ತಿನ ಪಟ್ಟಿ ಹಿಡೀತಿದ್ದೆ."

"ಮೆಲ್ಲಗೆ ಮಾರಾಯ, ಅವನ ಹೆಂಡ್ತಿ ಇಲ್ಲೇ ನಿಂತಿದ್ದಾಳೆ," ಎಂದ ಕ್ಯೂನಲ್ಲಿದ್ದ ಒಬ್ಬ.

ಅವಳು ತಿರುಗಿ ನೋಡಿದಳು. "ನರೂಲಿ ತೆಗೀ ಅಣ್ಣಾ, ತೆಗೀ ಅಣ್ಣಾ ಅಂತ ಅವರ ಬೆನ್ನು ಹತ್ತಿದ್ದು ಯಾರು, ದರ್ಜಿಯಣ್ಣ? ಈಗ ಹೋಗಿ ಅದನ್ನ ಮನೇಲಿ ಬಿಟ್ಟು ಬನ್ನಿ."

ಕ್ಯೂನಲ್ಲಿ ನಗು ಎದ್ದಿತು. ಮೂಲೆಮನೆ ಅಜ್ಜಿ ನಗಲಿಲ್ಲ. "ನನ್ನನ್ನ ನೋಡಿ ಆ ಹುಡುಗ, ಮೊಮ್ಮಗಳ ಕಾರ್ಡು ಕದ್ದು ತಂದಿದ್ದೀಯ ಅಂತ ಕೇಳಿದ ಕಣೇ," ಎಂದಳು. ಅವಮಾನವೋ ಸಂತೋಷವೋ ಅವಳಿಗೇ ತಿಳಿದಂತಿರಲಿಲ್ಲ.

ಆಗ ಇಸ್ತ್ರಿಯಮ್ಮ ಬಂದಳು. ಕ್ಯೂ ಗೀಯೂ ನೋಡದೆ ಒಳಗೆ ನುಗ್ಗಿ, ಕಾರ್ಡನ್ನು ಮೇಜಿಗೆ ಬಡಿದಳು. ಅಧಿಕಾರಿ ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ಕಳೆ ಬಂತು.

"ಅಮ್ಮಾ, ಇದು ನೀವೇ!"

"ನಾನಲ್ಲದೆ ಇನ್ಯಾರ್ರೀ? ಈ ಮುಖ ಬಾಡಿಗೆಗೆ ಸಿಗತ್ತಾ?"

ಶಾಯಿ ಹಾಕಿದರು. ಓಟು ಹಾಕಿ ಬಂದ ಇಸ್ತ್ರಿಯಮ್ಮನನ್ನು ಅಧಿಕಾರಿ ಬಿಡಲಿಲ್ಲ. ಇಡೀ ಬೀದಿಯಲ್ಲಿ ಗುರುತು ಒಪ್ಪಿಗೆಯಾದವಳು ಅವಳೊಬ್ಬಳೇ. ತಾನು ಕೂತಿದ್ದ ಬೆಂಚಿನ ಅರ್ಧ ಬಿಟ್ಟುಕೊಟ್ಟು ಕೂರಿಸಿಕೊಂಡ. ಇಸ್ತ್ರಿಯಮ್ಮ ಕೂತಳು ನೋಡಿ, ಎರಡು ಕೈ ಮಂಡಿಯ ಮೇಲಿಟ್ಟು, ದರ್ಬಾರು ನಡೆಸುವವಳ ಹಾಗೆ.

"ಇವನಾ? ದರ್ಜಿ. ಆ ನರೂಲಿಗೆ ನನಗಿಂತ ವಯಸ್ಸಾಗಿದೆ. ಬಿಡಿ ಒಳಗೆ."

"ಇವನು ಮೊಟ್ಟೆಯವನು. ನನ್ನ ಕಡೆ ನೋಡ್ತಾ ಪಕ್ಕದವರಿಗೆ ಒಡೆದ ಮೊಟ್ಟೆ ಕೊಡ್ತಾನೆ. ಅವನೇ, ಅನುಮಾನವೇ ಬೇಡ."

"ಅಜ್ಜೀ, ಕಾರ್ಡಲ್ಲಿ ಚೆನ್ನಾಗಿದ್ದೀಯ. ಮೊದಲೇ ಯಾಕೆ ಹೀಗಿರಲಿಲ್ಲ?"

ಮೊನ್ನೆ ಮೊನ್ನೆ ಅವಳನ್ನು ದೆವ್ವದ ಕಾರ್ಡಿನವಳು ಅಂತ ಆಡಿಕೊಂಡವರೆಲ್ಲ ಈಗ ತಲೆ ತಗ್ಗಿಸಿ, "ಅಮ್ಮಾ, ನೀವೇ ಒಂದು ಮಾತು ಹೇಳಬೇಕು," ಎನ್ನುತ್ತಿದ್ದರು. ಅವಳು ಒಬ್ಬೊಬ್ಬರನ್ನೂ ಚೆನ್ನಾಗಿ ಹಿಂಡಿ, ಆಮೇಲೆ ಒಳಗೆ ಬಿಡುತ್ತಿದ್ದಳು.

ಫೋಟೋದವನ ಹೆಂಡತಿಯ ಸರದಿ ಬಂತು. ಪರ್ಸು ತೆಗೆದಾಗ ಎರಡು ಕಾರ್ಡೂ ಮೇಜಿನ ಮೇಲೆ ಬಿದ್ದವು. ಅಧಿಕಾರಿ ಮೊದಲು ಎತ್ತಿಕೊಂಡದ್ದು ಗಂಡನದನ್ನು.

"ನೋಡಿ, ಫೋಟೋ ಅಂದ್ರೆ ಹೀಗಿರಬೇಕು. ಇವರು ಬಂದ್ರೆ ಒಂದು ಪ್ರಶ್ನೆ ಕೇಳದೆ ಬಿಡ್ತೀನಿ. ಎಲ್ಲಿದ್ದಾರೆ ಯಜಮಾನರು?"

"ಬರಲ್ಲ."

"ಓಟು ಎಲ್ಲರೂ ಹಾಕಬೇಕಮ್ಮ. ಮಲಗಿದ್ರೆ ಎಬ್ಬಿಸ್ಕೊಂಡು ಬನ್ನಿ."

"ನಾನೂ ಎಬ್ಬಿಸಿ ನೋಡಿದೆ," ಎಂದಳು ಅವಳು. "ಏಳಲಿಲ್ಲ."

ಅಧಿಕಾರಿಗೆ ತಡವಾಗಿ ಅರ್ಥವಾಯಿತು. ಕಾರ್ಡನ್ನು ಬಿಸಿ ತಾಕಿದವನಂತೆ ಕೆಳಗಿಟ್ಟ. ಅವಳ ಕಾರ್ಡು ಎತ್ತಿಕೊಂಡು, ಅವಳ ಹಣೆ ನೋಡಿ, ಮೆಲ್ಲಗೆ ಹೇಳಿದ. "ಇದರಲ್ಲಿ ಗಾಯ ಇಲ್ಲ."

ಸತ್ತವನ ಮುಖ ಹೊಂದುತ್ತದೆ, ಬದುಕಿದವಳದು ಹೊಂದುವುದಿಲ್ಲ. ಅಲ್ಲಿಗೆ ಅವಳು ಬೆಂಚಿನ ಕಡೆ ತಿರುಗಲೇಬೇಕಾಯಿತು. ಬೇಡಿಕೊಳ್ಳಲು ನಾಲಿಗೆ ಏಳಲಿಲ್ಲ. ಅವನ ಸಾವಿಗೂ ಬಾರದ ಹೆಂಗಸು ಈ ಇಸ್ತ್ರಿಯಮ್ಮ. ಓಟು ಹೋದರೆ ಹೋಗಲಿ ಎಂದು ಕಾರ್ಡಿಗೆ ಕೈ ಚಾಚಿದಳು.

"ಎಲ್ಲಿಗೆ ಹೊರಟೆ?" ಎಂದಳು ಇಸ್ತ್ರಿಯಮ್ಮ. ಆಮೇಲೆ ಅಧಿಕಾರಿಗೆ, "ಬರ್ಕೊಳ್ರೀ. ಆ ಗಾಯ ಆದ ದಿನ ಇವಳ ಗಂಡ ಇವಳನ್ನ ಎತ್ಕೊಂಡು ನನ್ನ ಮನೆಗೆ ಓಡಿ ಬಂದ. ಇವಳಿಗಿಂತ ಅವನೇ ಜಾಸ್ತಿ ಅತ್ತ. ನನ್ನ ಇಸ್ತ್ರಿ ಮೇಜಿನ ಮೇಲಿದ್ದ ಗಿರಾಕಿಯ ಬಿಳೀ ಪಂಚೆ ಹರಿದು ಕಟ್ಟಿದೆ. ಆ ಗಿರಾಕಿ ಮತ್ತೆ ನನ್ನ ಕಡೆ ಬರಲಿಲ್ಲ. ಇವಳು ಇವಳೇ. ಗಾಯಕ್ಕೆ ನಾನು ಸಾಕ್ಷಿ."

"ಹಾಗಾದ್ರೆ ಕಾರ್ಡಲ್ಲಿ ಯಾಕಿಲ್ಲ?"

"ಅದನ್ನ ನೋಡೋಕೆ ಅವನಿಗಾಗ್ತಿರಲಿಲ್ಲ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ನಿಯಮ ಇದ್ರೆ ಓದಿ."

ಅವನು ಪುಸ್ತಕ ಮುಚ್ಚಿದ. ಶಾಯಿ ಹಾಕಿದರು.

ಪರದೆಯ ಹಿಂದೆ ಅವಳು ಒಂದು ಕ್ಷಣ ನಿಂತಳು. ಕುರ್ಚಿ ಮೇಲಿತ್ತು, ಬಕೆಟ್ಟು ಅದರ ಕೆಳಗೇ ಇತ್ತು. ಏಜೆಂಟನ ಅರಳಿದ ಮುಖ ನೆನಪಾಗಿ ಬೆರಳು ಬಕೆಟ್ಟಿನ ಕಡೆ ಹೋಯಿತು. ಆದರೆ ಬಕೆಟ್ಟು ಒತ್ತಬೇಕಾದವನು ಬೇರೆ. ಅವನ ಕೆಲಸ ಇವಳು ಮಾಡಿದರೆ ಜಗಳಕ್ಕೆ ಯಾರು ಉಳಿದರು? ಕುರ್ಚಿಯನ್ನೇ ಒತ್ತಿದಳು.

ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಒಳಗಿನಿಂದ ಜನ ಬರುತ್ತಿದ್ದರು, ಶಾಯಿ ಆರಲೆಂದು ಬೆರಳಿಗೆ ಊದುತ್ತಾ, ಗಲಾಟೆ ಮಾಡುತ್ತಾ. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನಿಂತೇ ಇದ್ದಳು. ಬೂತು ಮುಚ್ಚುವ ಹೊತ್ತಿಗೆ ಇಸ್ತ್ರಿಯಮ್ಮ ಸೊಂಟ ಹಿಡಿದುಕೊಂಡು ಕೊನೆಯವಳಾಗಿ ಬಂದಳು.

"ಇನ್ನೂ ಇಲ್ಲೇ ಇದ್ದೀಯಾ? ಯಾರಿಗೆ ಕಾಯ್ತಿದ್ದೀಯೆ?"

ಆಗಲೇ ಅವಳಿಗೆ ತಿಳಿದದ್ದು ತಾನು ಕಾಯುತ್ತಿದ್ದೇನೆ ಅಂತ.

ಇಸ್ತ್ರಿಯಮ್ಮ ಮತ್ತೆ ಕೇಳಲಿಲ್ಲ. ತೋಳು ಹಿಡಿದು ಎಳೆದಳು. "ನಡಿ. ನಿನ್ನ ಗಂಡನ ದೆಸೆಯಿಂದ ಆ ಕುಳ್ಳ ಬೆಂಚಲ್ಲಿ ಕೂತು ನನ್ನ ಸೊಂಟ ಹೋಯ್ತು. ಇಡೀ ಬೀದಿಗೆ ನನ್ನನ್ನ ಜೀತಕ್ಕಿಟ್ಟು ಹೋದ."

"ನಿಮ್ಮದೊಂದೇ ಒಳ್ಳೇ ಫೋಟೋ ಅಂತಿದ್ರು ಅವರು. ಹೋಗೋ ಹಿಂದಿನ ದಿನ."

ಇಸ್ತ್ರಿಯಮ್ಮ ಬೀದಿಯ ತಿರುವಿನವರೆಗೂ ಅವಳ ತೋಳು ಬಿಡಲಿಲ್ಲ. ತಿರುವಿನಲ್ಲಿ, "ಸುಳ್ಳ," ಎಂದಳು, ಮೂಗು ಒರೆಸಿಕೊಂಡು.

ಕುರ್ಚಿ ಗೆದ್ದಿತು. ಏಜೆಂಟ ಪಟಾಕಿ ಹೊಡೆಸಿದ. ಗೆದ್ದವನು ಈ ಬೀದಿಗೆ ಇನ್ನೂ ಬಂದಿಲ್ಲ. ಅವಳು ಅಷ್ಟು ವರ್ಷ ಹಾಕಿದ್ದರಲ್ಲಿ ಅವನು ಹೊಡೆದುಹಾಕದೆ ಉಳಿದ ಓಟು ಇದೊಂದೇ, ಅದೂ ಹೋದದ್ದು ಇಂಥವನಿಗೆ. "ನಿನ್ನ ಕುರ್ಚಿ ಕೂತಿತಲ್ಲೇ, ಇನ್ನು ಅದು ಏಳಲ್ಲ" ಎಂದು ಹಲ್ಲು ಕಿಸಿಯಲು ಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಮುಂದಿನ ಕೋಣೆಯಲ್ಲಿ ಅವಳು ಜೆರಾಕ್ಸ್ ಮೆಷಿನ್ ಇಟ್ಟುಕೊಂಡಿದ್ದಾಳೆ. ಕಾಗದ ಇದ್ದ ಹಾಗೆ ಬರುತ್ತದೆ, ತಿದ್ದುವ ತಾಪತ್ರಯವಿಲ್ಲ. ಸ್ಟೂಲಿನ ಮೇಲೆ ಕಾಗದದ ಕಟ್ಟು ಕೂತಿದೆ. ಫೋಟೋ ತೆಗೆಸಲು ಯಾರೂ ಬರುವುದಿಲ್ಲ, ಕನ್ನಡಿಯ ಮುಂದೆ ಯಾರೂ ನಿಲ್ಲುವುದಿಲ್ಲ. ಆದರೂ ಬೆಳಿಗ್ಗೆ ಎದ್ದವಳೇ ಬಟ್ಟೆ ಒದ್ದೆ ಮಾಡಿ ಹಿಂಡಿ ಅದನ್ನು ಒರೆಸುತ್ತಾಳೆ. ಮೇಲಿನ ಮೂಲೆ ಅವನಿಗೆ ಎಟುಕುತ್ತಿತ್ತು. ಇವಳಿಗೆ ಎಟುಕುವುದಿಲ್ಲ, ಪಾದದ ತುದಿಯಲ್ಲಿ ನಿಲ್ಲಬೇಕು. ಎದುರಿನಿಂದ ಇಸ್ತ್ರಿಯಮ್ಮ, "ಸಾಕು ಬಿಡೇ, ಸವೆದು ಹೋಗತ್ತೆ," ಎಂದು ಕೂಗುತ್ತಾಳೆ. ಅವಳು ಕೇಳಿಸಿಕೊಳ್ಳದೆ ಆ ಮೂಲೆಯನ್ನೂ ಒರೆಸಿ, ದಾರದ ಬಾಚಣಿಗೆ ನೆಟ್ಟಗೆ ಮಾಡಿ, ಆಮೇಲೆ ಟೀಗೆ ನೀರು ಇಡುತ್ತಾಳೆ.