ಕೈ ಕಟ್ಟಿಕೊಂಡು ಮಾಡಿದ ಕೆಲಸ

ನಾನು ಸಿಟ್ಟಿನಾಕೆ. ಸಿಂಧನೂರಿನ ನರ್ಸಿಂಗ್ ಹೋಮಿನಲ್ಲಿ ಯಾರಾದರೂ ಸಲೈನ್ ಹಚ್ಚಲು ತಡವರಿಸಿದರೆ, "ಬಿಡು, ಸರಿ ಅತ್ಲಾಗ" ಎಂದು ಸೂಜಿ ಕಸಿದುಕೊಂಡು ನಾನೇ ಹಚ್ಚುತ್ತಿದ್ದೆ. ಚೆನ್ನಾಗಿಯೇ ಹಚ್ಚುತ್ತಿದ್ದೆ, ಹೇಳಿಕೊಳ್ಳಲು ಸಂಕೋಚವೇನು? ದಢೇಸುಗೂರು, ಬಳಗಾನೂರು ಕಡೆಯ ಬಸುರಿಯರು ಬಂದೊಡನೆ "ಆ ಉದ್ದನ್ನ ಸಿಸ್ಟರ್ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಮಸ್ಕಿಯಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದ ಅವ್ವ ಕಲಿಸಿದ್ದೂ ಅದನ್ನೇ: ಕೈ ಕೆಸರಾದರೆ ಬಾಯಿ ಮೊಸರು.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಲೇಡಿ ಡಾಕ್ಟರು ಲಿಂಗಸುಗೂರಿನಲ್ಲಿ ಇನ್ನೊಂದು ಆಸ್ಪತ್ರೆ ತೆರೆದು, ನರ್ಸುಗಳ ಉಸ್ತುವಾರಿಗೆ ನನ್ನನ್ನು ಕಳಿಸಿದರು. ಸ್ಟಾಫ್ ನರ್ಸ್ ಆಗಿ ವರ್ಷಗಟ್ಟಲೆ ದುಡಿದು ಆಸೆಪಟ್ಟ ಕೆಲಸ. ಬಿಳಿ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬಸ್ಸು ಹತ್ತಿದೆ. ಅಲ್ಲಿ ನನಗಿಂತ ವಯಸ್ಸಾದ ನರ್ಸೊಬ್ಬರಿದ್ದರು, ಅದೇ ಊರಿನವರು. ಆ ಕುರ್ಚಿ ತಮಗೇ ಎಂದು ನಂಬಿದ್ದವರು. ನಾನು ಏನು ಹೇಳಿದರೂ ನಕ್ಕು, "ನೀವೇ ಮಾಡ್ರಲ್ಲ, ನಿಮ್ಮಂಗ ನಮಗೆಲ್ಲಿ ಬರ್ತದ?" ಅನ್ನುವರು. ನಾನೋ ಹೊಗಳಿಕೆಗೆ ಉಬ್ಬಿ ಮಾಡಿಯೇ ಬಿಡುತ್ತಿದ್ದೆ. ಉಳಿದವರು ಚಹಾ ಕುಡಿಯುತ್ತ ನೋಡುತ್ತಿದ್ದರು.

ಒಂದು ದಿನ ಡಾಕ್ಟರು ಕರೆದು ಮುಖಕ್ಕೇ ಹೇಳಿದರು: "ನನಗ ಇನ್ನೊಬ್ಬ ಸ್ಟಾಫ್ ನರ್ಸ್ ಬೇಕಾಗಿದ್ದಿಲ್ಲ. ಕೆಲಸ ಮಾಡ್ಸಾಕಿ ಬೇಕಾಗಿದ್ಲು. ಹಿಂಗ ನಡದ್ರ ಯುಗಾದಿ ಆದಮ್ಯಾಲ ನೀವು ವಾಪಸ್ ಸಿಂಧನೂರಿಗೆ ಹೋಗ್ರಿ."

ಸೋತು ಅದೇ ವಾರ್ಡಿಗೆ ಮರಳುವುದಕ್ಕಿಂತ ಕೆಲಸ ಬಿಡುವುದೇ ಮೇಲು ಅನ್ನಿಸಿತು.

ಅದೇ ವಾರ ಒಬ್ಬಾಕೆಗೆ ಹೆರಿಗೆಯಾಗಿ ಬಹಳ ರಕ್ತ ಹೋಯಿತು, ಜೀವ ಉಳಿದದ್ದೇ ಹೆಚ್ಚು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟು, ಅಜವಾನ, ಲೋಬಾನ ಹಾಕಿ ಹೊಗೆ ಕೊಡುತ್ತಾರೆ. ಆಕೆಯ ಅತ್ತೆ ಇದು ಆಸ್ಪತ್ರೆ ಅನ್ನುವುದನ್ನೂ ಲೆಕ್ಕಿಸದೆ, ಹಿಂಬಾಗಿಲಿನಿಂದ ಕೆಂಡದ ಬೋಗುಣಿ ತಂದು ಮಂಚದಡಿ ಇಟ್ಟಳು. ಪಕ್ಕದಲ್ಲೇ ಆಕ್ಸಿಜನ್ ಸಿಲಿಂಡರು! ಹೊಸದಾಗಿ ಸೇರಿದ್ದ ನರ್ಸ್ ಹುಡುಗಿ ಚೀರಿಕೊಂಡು ಬಕೆಟ್ ನೀರು ಸುರಿದೇಬಿಟ್ಟಳು. ವಾರ್ಡ್ ತುಂಬ ಬೂದಿ, ಹೊಗೆ, ಕೂಸುಗಳ ಅಳು.

"ಬಾಣಂತಿ ಬೆಂಕಿ ಆರಿಸಿ ಅಪಶಕುನ ಮಾಡ್ತೀರೇನ್ಬೇ? ಏಳವ್ವ, ನಡಿ ಮನಿಗೆ" ಎಂದು ಅತ್ತೆ ಸೊಸೆಯ ರಟ್ಟೆ ಹಿಡಿದಳು. ಆ ಸ್ಥಿತಿಯಲ್ಲಿ ಬಸ್ಸು ಹತ್ತಿಸಿದರೆ ಆಕೆ ಊರು ಮುಟ್ಟುತ್ತಿರಲಿಲ್ಲ. ಎಲ್ಲರೂ ನನ್ನತ್ತ ನೋಡಿದರು.

ನನ್ನ ಕೈ ಆಗಲೇ ಕಸಬರಿಗೆಯತ್ತ ಹೋಗಿತ್ತು. ಡಾಕ್ಟರ ಮಾತು ನೆನಪಾಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಅಕ್ಕಾರ," ಎಂದೆ ಹಿರಿಯ ನರ್ಸಿಗೆ, "ಬಾಣಂತನ ನಿಮ್ಮಷ್ಟು ನನಗ ತಿಳಿಯಾಂಗಿಲ್ಲ. ಹಿಂದಿನ ಪಡಸಾಲ್ಯಾಗ ಕೆಂಡ ಹಾಕ್ಸ್ರಿ. ಅಕಿನ್ನ ಏಳಸಬ್ಯಾಡ್ರಿ, ಮಂಚನೇ ಎತ್ತಿ ಒಯ್ರಿ. ಕೂಸು, ಸಿಲಿಂಡರ್ ಎರಡೂ ಒಳಗಿರಲಿ." ಹುಡುಗಿಗೆ, "ನೀ ಕೂಸು ಹಿಡ್ಕೋ. ಅದಕ್ಕೂ ಮೊದಲ ಆ ಯಮ್ಮಗ ತಪ್ಪಾತು ಅನ್ನು" ಎಂದೆ.

ಹಿರಿಯ ನರ್ಸ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ಈಗಲೂ "ನೀವೇ ಮಾಡ್ರಿ" ಎಂದುಬಿಟ್ಟರೆ ನಾನು ಗಂಟುಮೂಟೆ ಕಟ್ಟುವುದೇ. ಅವರು ಅನ್ನಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮಂಚದ ತಲೆದೆಸೆ ಹಿಡಿದು, "ಬರ್ರೆ, ಜಲ್ದಿ" ಎಂದು ಉಳಿದವರನ್ನು ಕರೆದರು. ಮಂಚದ ಕಾಲು ಬಾಗಿಲಿಗೆ ಬಡಿಯಿತು. ನಾನು ಹಿಡಿದಿದ್ದರೆ ಬಡಿಯುತ್ತಿರಲಿಲ್ಲ, ಆ ಮಾತು ಬೇರೆ. ಬೆನ್ನ ಹಿಂದೆ ಕಟ್ಟಿದ ಕೈ ಬಿಡಿಸಲಿಲ್ಲ.

ಪಡಸಾಲೆಯಲ್ಲಿ ಲೋಬಾನದ ಹೊಗೆ ಎದ್ದ ಮೇಲೆ ಅತ್ತೆ ತಣ್ಣಗಾದಳು. ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನನ್ನನ್ನು ನೋಡಿದಳು. "ಎಲ್ಲಾರೂ ದುಡಿಯಾಕತ್ತಾರ, ಈಕಿ ಸುಮ್ನ ನಿಂತಾಳಲ್ಲ. ಯಾರ್ಬೇ ಈಕಿ?"

ನನಗೆ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಹಿರಿಯ ನರ್ಸ್ ಕೆಂಡಕ್ಕೆ ಅಜವಾನ ಉದುರಿಸುತ್ತ ಅಂದರು:

"ಸುಮ್ನ ನಿಂತಿಲ್ಲ ಯಮ್ಮಾ. ಅವರು ನಮ್ಮ ದೊಡ್ಡ ಸಿಸ್ಟರ್. ಅವರು ಹೇಳ್ಯಾರಂತನೇ ನಾವು ಮಾಡಾಕತ್ತೀವಿ."

ನನಗಾದ ಹೆಮ್ಮೆಯನ್ನು ಇವತ್ತಿಗೂ ಮುಚ್ಚಿಡಲು ಹೋಗುವುದಿಲ್ಲ. ಡಾಕ್ಟರು ನನ್ನನ್ನು ದೊಡ್ಡ ಸಿಸ್ಟರ್ ಮಾಡಿ ಎಷ್ಟೋ ತಿಂಗಳಾಗಿತ್ತು, ಆ ಹಿರಿಯ ನರ್ಸ್ ಮಾಡಿದ್ದು ಅವತ್ತು.